ಕಡಲೆಕಾಯಿ ಪರಿಷೆ: ರಸ್ತೆ ಮುಚ್ಚುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾರ್ತಿಕ ಮಾಸ ಕೊನೆಯಾಗುತ್ತಿದ್ದಂತೆ ಬೆಂಗಳೂರಿನ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಗಳಲ್ಲಿ ಕಡಲೆಕಾಯಿ ರಾಶಿಗಳು ಏಳುತ್ತವೆ. ಅದೇ ಹೊತ್ತಿಗೆ ಪತ್ರಿಕೆಗಳ ನಗರ ಪುಟದ ಮೂಲೆಯಲ್ಲಿ ‘ಸಂಚಾರ ಮಾರ್ಗ ಬದಲಾವಣೆ’ ಎಂಬ ಪುಟ್ಟ ಶೀರ್ಷಿಕೆಯೂ ಕಾಣಿಸಿಕೊಳ್ಳುತ್ತದೆ. ಮೊದಲನೆಯದನ್ನು ಎಲ್ಲರೂ ಸಂಭ್ರಮದಿಂದ ನೋಡುತ್ತಾರೆ. ಎರಡನೆಯದನ್ನು ಓದುವವರು ಕಡಿಮೆ. ಆದರೆ ಪರಿಷೆ ಸುಸೂತ್ರವಾಗಿ ನಡೆಯುವುದು, ಬಡಾವಣೆಯ ನಿವಾಸಿಗಳು ಮನೆ ತಲುಪುವುದು, ತುರ್ತು ವಾಹನಗಳಿಗೆ ದಾರಿ ಸಿಗುವುದು ಬಹುಮಟ್ಟಿಗೆ ಆ ನಾಲ್ಕು ಸಾಲಿನ ಪ್ರಕಟಣೆಯನ್ನು ಅವಲಂಬಿಸಿವೆ. ಇಂತಹ ಪ್ರಕಟಣೆಯ ಹಿಂದೆ ಕಾನೂನಿನ ಒಂದು ಸ್ಪಷ್ಟ ನಿಯಮವೂ ಇದೆ.

ದಿನಾಂಕ ಪ್ರತಿವರ್ಷ ಬದಲಾಗುವುದೇಕೆ?

ಕಾರ್ತಿಕ ಮಾಸದ ಕೊನೆಯ ಸೋಮವಾರ ಪರಿಷೆ ನಡೆಯುವುದು ಸಂಪ್ರದಾಯ. ಈ ತಿಂಗಳ ಸೋಮವಾರಗಳು ಶಿವನ ಆರಾಧನೆಗೆ ವಿಶೇಷವಾದವು ಎಂಬ ನಂಬಿಕೆಯಿದೆ. ಬಸವನು ಶಿವನ ವಾಹನವಾದ್ದರಿಂದ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಕೊನೆಯ ಸೋಮವಾರಕ್ಕೆ ಮಹತ್ವ ಬಂದಿದೆ.

ನಮ್ಮ ಪಂಚಾಂಗದ ಮಾಸಗಳು ಚಂದ್ರನ ಗತಿಯನ್ನು ಅನುಸರಿಸುತ್ತವೆ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರ ವರ್ಷಕ್ಕಿಂತ ಇದು ಸುಮಾರು 11 ದಿನ ಕಡಿಮೆ. ಹೀಗಾಗಿ ಹಬ್ಬಗಳು ಕ್ಯಾಲೆಂಡರಿನಲ್ಲಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತವೆ. ಈ ವ್ಯತ್ಯಾಸವನ್ನು ಸರಿದೂಗಿಸಲು ಎರಡು ಮೂರು ವರ್ಷಗಳಿಗೊಮ್ಮೆ ಅಧಿಕ ಮಾಸ ಬಂದಾಗ ಅವು ಒಮ್ಮೆಲೇ ಮುಂದಕ್ಕೆ ಹೋಗುತ್ತವೆ.

2022ರಲ್ಲಿ ಕಾರ್ತಿಕದ ಕೊನೆಯ ಸೋಮವಾರ ನವೆಂಬರ್ 21ರಂದು ಬಂದಿತ್ತು. 2023ರಲ್ಲಿ ಅಧಿಕ ಶ್ರಾವಣ ಮಾಸ ಇದ್ದುದರಿಂದ ಅದು ಡಿಸೆಂಬರ್ 11ಕ್ಕೆ ಹೋಯಿತು. 2024ರಲ್ಲಿ ನವೆಂಬರ್ 25ಕ್ಕೂ, 2025ರಲ್ಲಿ ನವೆಂಬರ್ 17ಕ್ಕೂ ಹಿಂದೆ ಸರಿಯಿತು. ಸೋಮವಾರವೇ ಆಗಬೇಕಾದ್ದರಿಂದ ಈ ಅಂತರ ಪ್ರತಿವರ್ಷ ಒಂದೇ ಸಮನಾಗಿರುವುದಿಲ್ಲ. ‘ಹೋದ ವರ್ಷ ಇದೇ ತಾರೀಖಿಗೆ ಇತ್ತು’ ಎಂಬ ನೆನಪನ್ನು ನಂಬಿ ಹೊರಡುವವರು ಮೋಸಹೋಗುವುದು ಈ ಕಾರಣಕ್ಕೆ.

ಐತಿಹ್ಯ ಮತ್ತು ಬೆಳೆಯ ಲೆಕ್ಕಾಚಾರ

ಇಂದಿನ ಬಸವನಗುಡಿ ಇರುವ ಸ್ಥಳದಲ್ಲಿ ಹಿಂದೆ ಸುಂಕೇನಹಳ್ಳಿ ಎಂಬ ಗ್ರಾಮವಿತ್ತು. ಅಲ್ಲಿನ ಮತ್ತು ಸುತ್ತಲಿನ ಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವವೊಂದು ರಾತ್ರಿ ವೇಳೆ ಬಂದು ಮೇಯುತ್ತಿತ್ತು, ರೈತರು ಅದನ್ನು ಬೆನ್ನಟ್ಟಿದಾಗ ಅದು ಗುಡ್ಡದ ಮೇಲೆ ಕಲ್ಲಾಗಿ ನಿಂತಿತು, ಪಶ್ಚಾತ್ತಾಪಪಟ್ಟ ರೈತರು ಮೊದಲ ಫಸಲನ್ನು ಅದಕ್ಕೆ ಅರ್ಪಿಸುವುದಾಗಿ ಹರಕೆ ಹೊತ್ತರು ಎಂಬುದು ಐತಿಹ್ಯ. 16ನೇ ಶತಮಾನದಲ್ಲಿ ಕೆಂಪೇಗೌಡರು ಇಲ್ಲಿ ಗುಡಿ ಕಟ್ಟಿಸಿದರೆಂಬ ಪ್ರತೀತಿಯಿದೆ. ಏಕಶಿಲೆಯಲ್ಲಿ ಕಡೆದ ಬಸವನ ಎತ್ತರ ಸುಮಾರು 15 ಅಡಿ, ಉದ್ದ ಸುಮಾರು 20 ಅಡಿ.

ಈ ಕಥೆಯನ್ನು ಇತಿಹಾಸವೆಂದು ಅಕ್ಷರಶಃ ಓದಬೇಕಾಗಿಲ್ಲ. ಕಡಲೆಕಾಯಿ ದಕ್ಷಿಣ ಅಮೆರಿಕ ಮೂಲದ ಬೆಳೆ. ಯುರೋಪಿನವರ ಸಮುದ್ರಯಾನಗಳ ಬಳಿಕವೇ ಅದು ಭಾರತಕ್ಕೆ ಬಂದಿತು. ದಕ್ಷಿಣ ಭಾರತದ ಹೊಲಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಹರಡಿದ್ದು 19ನೇ ಶತಮಾನದಲ್ಲಿ. ಹಾಗಾಗಿ ಗುಡಿಗೂ ಕಡಲೆಕಾಯಿಗೂ ನಂಟು ಕಾಲಾಂತರದಲ್ಲಿ ಬೆಳೆದಿರುವ ಸಾಧ್ಯತೆಯೇ ಹೆಚ್ಚು. ಆದರೆ ಹೊಸ ಫಸಲನ್ನು ದೇವರಿಗೆ ಅರ್ಪಿಸಿ ನಂತರ ಮಾರುವ ರೈತರ ಪದ್ಧತಿ ಮಾತ್ರ ಕಥೆಯಲ್ಲ. ಅದು ಇಂದಿಗೂ ಕಣ್ಣ ಮುಂದಿದೆ.

ಪರಿಷೆಯ ಕಾಲವೂ ಬೆಳೆಗೆ ತಕ್ಕಂತೆಯೇ ಇದೆ. ಮಳೆಯಾಶ್ರಿತ ಕಡಲೆಕಾಯಿಯನ್ನು ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಬಿತ್ತುತ್ತಾರೆ. ಗಿಡದ ಹೂವು ನೆಲದ ಮೇಲೆ ಅರಳುತ್ತದೆ. ಬಳಿಕ ಅದರಿಂದ ಹೊರಟ ಊಡು ಮಣ್ಣಿಗಿಳಿದು, ಕಾಯಿ ನೆಲದೊಳಗೆ ಬಲಿಯುತ್ತದೆ. ಮೂರೂವರೆ ಇಲ್ಲವೇ ನಾಲ್ಕು ತಿಂಗಳಲ್ಲಿ ಗಿಡ ಕೀಳುವ ಹದ ಬರುತ್ತದೆ. ಅಂದರೆ ಕಾರ್ತಿಕದ ವೇಳೆಗೆ ಹೊಸ ಕಾಯಿ ರೈತನ ಕೈಯಲ್ಲಿರುತ್ತದೆ. ಹಸಿ ಕಾಯಿಯಲ್ಲಿ ನೀರಿನಂಶ ಹೆಚ್ಚು. ಒಣಗಿಸದೆ ಕೂಡಿಟ್ಟರೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಹಸಿಯಾಗಿರುವಾಗಲೇ ಕೊಳ್ಳುವವರು ಸಾವಿರಾರು ಸಂಖ್ಯೆಯಲ್ಲಿ ಒಂದೆಡೆ ಸಿಗುವ ಇಂತಹ ಸಂದರ್ಭ ಸಣ್ಣ ಬೆಳೆಗಾರರಿಗೂ ವ್ಯಾಪಾರಿಗಳಿಗೂ ಬೆಲೆಯುಳ್ಳದ್ದು.

ಕೋಲಾರ, ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ ಮುಂತಾದ ಕಡೆಗಳಿಂದಲೂ ನೆರೆಯ ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಿಂದಲೂ ಮಾರಾಟಗಾರರು ಬರುತ್ತಾರೆ. ಹಸಿ, ಹುರಿದ, ಬೇಯಿಸಿದ ಕಾಯಿಗಳನ್ನು ಸೇರು, ಪಾವುಗಳಲ್ಲಿ ಅಳೆದು ಕೊಡುವ ರೂಢಿ ಇಲ್ಲಿ ಇನ್ನೂ ಉಳಿದಿದೆ. ಅದರ ಜೊತೆಗೆ ಕಡಲೆಪುರಿ, ಬೆಂಡು ಬತ್ತಾಸು, ಕಲ್ಯಾಣಸೇವೆ, ಬಳೆ, ಮಣ್ಣಿನ ಬೊಂಬೆಗಳ ಅಂಗಡಿಗಳೂ ಸೇರಿ ರಸ್ತೆಯೇ ಹಳ್ಳಿಯ ಜಾತ್ರೆಯಾಗುತ್ತದೆ.

ಜಾತ್ರೆಯ ಬಯಲಿಗೆ ರಸ್ತೆ ಬಂದಾಗ

ಹಳೆಯ ಪರಿಷೆಗೆ ಹೊಲ, ಗುಡ್ಡ, ಬಯಲುಗಳಿದ್ದವು. 19ನೇ ಶತಮಾನದ ಕೊನೆಯ ದಶಕದಲ್ಲಿ ಬಸವನಗುಡಿ ಹೊಸ ಬಡಾವಣೆಯಾಗಿ ರೂಪುಗೊಂಡಿತು. 1898ರಲ್ಲಿ ಬೆಂಗಳೂರಿಗೆ ಬಂದೆರಗಿದ ಪ್ಲೇಗ್ ಮಾರಿಯ ಬಳಿಕ ಪೇಟೆಯ ಇಕ್ಕಟ್ಟಿನಿಂದ ಜನ ಇಂತಹ ಬಡಾವಣೆಗಳತ್ತ ಬರತೊಡಗಿದರು. ನಗರ ದಕ್ಷಿಣಕ್ಕೆ ಬೆಳೆದಂತೆ ಗುಡಿಯ ಮುಂದಿನ ದಾರಿ ಚಾಮರಾಜಪೇಟೆಯ ಕಡೆಯಿಂದ ಎನ್.ಆರ್. ಕಾಲೋನಿ, ತ್ಯಾಗರಾಜನಗರಗಳತ್ತ ಸಾಗುವ ಪ್ರಮುಖ ಮಾರ್ಗವಾಯಿತು. ಇದೇ ರಸ್ತೆಯಲ್ಲಿ 1946ರಲ್ಲಿ ಸ್ಥಾಪನೆಯಾದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಇದೆ. ರಾಮಕೃಷ್ಣ ಆಶ್ರಮ, ದೊಡ್ಡ ಗಣಪತಿ ದೇವಸ್ಥಾನ, ಬ್ಯೂಗಲ್ ರಾಕ್ ಉದ್ಯಾನ ಇವೆಲ್ಲ ಅದರ ಆಸುಪಾಸಿನಲ್ಲಿವೆ.

ಪರಿಣಾಮವಾಗಿ ಈಗ ಒಂದೇ ರಸ್ತೆಯ ಮೇಲೆ ಮೂರು ಬಗೆಯ ಹಕ್ಕುಗಳು ಸಂಧಿಸುತ್ತವೆ. ಶತಮಾನದ ರೂಢಿಯನ್ನು ಮುಂದಿಟ್ಟುಕೊಂಡು ಬರುವ ಭಕ್ತರು ಮತ್ತು ವ್ಯಾಪಾರಿಗಳು ಒಂದು ಕಡೆ. ನಿತ್ಯದ ಕೆಲಸಕ್ಕೆ ಅದೇ ದಾರಿಯನ್ನು ನಂಬಿದ ಬಸ್ ಪ್ರಯಾಣಿಕರು, ವಿದ್ಯಾರ್ಥಿಗಳು, ಆಟೊ ಚಾಲಕರು ಇನ್ನೊಂದು ಕಡೆ. ಮನೆಯ ಗೇಟಿನ ಮುಂದೆಯೇ ಅಂಗಡಿ ಎದ್ದಿರುವುದನ್ನು ಕಾಣುವ ನಿವಾಸಿಗಳು ಮತ್ತೊಂದು ಕಡೆ. 2025ರಲ್ಲಿ ಪರಿಷೆಯನ್ನು ನವೆಂಬರ್ 17ರಿಂದ 21ರವರೆಗೆ ಐದು ದಿನಗಳಿಗೆ ವಿಸ್ತರಿಸಲಾಯಿತು. ಅವಧಿ ಹೆಚ್ಚಿದರೆ ಜನಸಂದಣಿ ಹಂಚಿಹೋಗುತ್ತದೆ, ವ್ಯಾಪಾರಕ್ಕೂ ಅನುಕೂಲ. ಆದರೆ ವಾರದ ಕೆಲಸದ ದಿನಗಳೆಲ್ಲ ಅದರೊಳಗೆ ಸೇರುವುದರಿಂದ ಸಂಚಾರದ ಹೊರೆಯೂ ಅಷ್ಟೇ ದೀರ್ಘವಾಗುತ್ತದೆ.

ಗೆಜೆಟ್ ಬದಲಿಗೆ ಸ್ಥಳೀಯ ಪ್ರಚಾರ

ಸಾರ್ವಜನಿಕ ರಸ್ತೆಯಲ್ಲಿ ವಾಹನಗಳನ್ನು ತಡೆಯುವ ಅಧಿಕಾರ ಯಾರಿಗೂ ತಾನಾಗಿ ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಈ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಮತ್ತು ಅದರಿಂದ ಅಧಿಕಾರ ಪಡೆದ ಪ್ರಾಧಿಕಾರಕ್ಕೆ ನೀಡಿದೆ. ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲದ ದೃಷ್ಟಿಯಿಂದ, ಇಲ್ಲವೇ ರಸ್ತೆ ಅಥವಾ ಸೇತುವೆಯ ಸ್ವರೂಪದ ಕಾರಣದಿಂದ ಅಗತ್ಯವೆನಿಸಿದಲ್ಲಿ ನಿರ್ದಿಷ್ಟ ಪ್ರದೇಶದಲ್ಲಿ ಅಥವಾ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿಷೇಧಿಸಬಹುದು ಅಥವಾ ನಿರ್ಬಂಧಿಸಬಹುದು.

ಇಂತಹ ನಿರ್ಬಂಧವನ್ನು ಸಾಮಾನ್ಯವಾಗಿ ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ, ಪ್ರಕಟಿಸಬೇಕು. ಆದರೆ ನಿರ್ಬಂಧದ ಅವಧಿ ಒಂದು ತಿಂಗಳನ್ನು ಮೀರದಿದ್ದಲ್ಲಿ ಗೆಜೆಟ್ ಪ್ರಕಟಣೆ ಅಗತ್ಯವಿಲ್ಲವೆಂದು ಅದೇ ಕಲಮು ವಿನಾಯಿತಿ ನೀಡುತ್ತದೆ. ಅದರ ಬದಲಿಗೆ ಸಂದರ್ಭ ಅನುಮತಿಸುವಷ್ಟು ಸ್ಥಳೀಯ ಪ್ರಚಾರವನ್ನು ಕೊಡಲೇಬೇಕು ಎಂದು ವಿಧಿಸುತ್ತದೆ.

ಪರಿಷೆ, ಕರಗ, ರಥೋತ್ಸವ, ಗಣೇಶ ವಿಸರ್ಜನೆ ಮೊದಲಾದ ಅಲ್ಪಾವಧಿಯ ನಿರ್ಬಂಧಗಳಿಗೆ ಈ ನಿಯಮದ ಮಹತ್ವ ದೊಡ್ಡದು. ಗೆಜೆಟ್ ಮಾಡಬೇಕಾದ ಕೆಲಸವನ್ನು ಇಲ್ಲಿ ಪತ್ರಿಕೆಯ ಸಣ್ಣ ಸುದ್ದಿ, ಆಕಾಶವಾಣಿಯ ಪ್ರಕಟಣೆ, ರಸ್ತೆಯ ತಿರುವಿನಲ್ಲಿ ನಿಲ್ಲಿಸಿದ ಫಲಕ ಮತ್ತು ಸಂಚಾರ ಪೊಲೀಸರು ಜಾಲತಾಣಗಳಲ್ಲಿ ಹಾಕುವ ಮಾಹಿತಿ ಮಾಡುತ್ತವೆ. ಅಂದರೆ ಸಂಚಾರ ಪ್ರಕಟಣೆ ಪುಟ ತುಂಬಿಸುವ ಸುದ್ದಿಯಲ್ಲ. ತಾತ್ಕಾಲಿಕವಾಗಿ ಕೈತಪ್ಪುವ ರಸ್ತೆಯ ಕುರಿತು ನಾಗರಿಕರಿಗೆ ಸಲ್ಲಬೇಕಾದ ಸೂಚನೆ ಅದು.

ಬದಲಿ ಮಾರ್ಗಗಳ ಸ್ವರೂಪ

ಪರಿಷೆಯ ದಿನಗಳಲ್ಲಿ ಮುಖ್ಯವಾಗಿ ಬುಲ್ ಟೆಂಪಲ್ ರಸ್ತೆಯ ಗುಡಿಯ ಸಮೀಪದ ಭಾಗದಲ್ಲಿ ವಾಹನಗಳನ್ನು ತಡೆಯಲಾಗುತ್ತದೆ. ಹಿಂದಿನ ವರ್ಷಗಳ ವ್ಯವಸ್ಥೆಯಲ್ಲಿ ರಾಮಕೃಷ್ಣ ಆಶ್ರಮದ ಕಡೆಯಿಂದ ದಕ್ಷಿಣಕ್ಕೆ ಹೋಗುವ ವಾಹನಗಳನ್ನು ಹಯವದನ ರಾವ್ ರಸ್ತೆ, ಗವಿಪುರ, ಮೌಂಟ್ ಜಾಯ್ ರಸ್ತೆಗಳ ಮೂಲಕ ಹನುಮಂತನಗರದತ್ತ ತಿರುಗಿಸಿದ್ದುಂಟು. ಇವು ಮೂಲತಃ ಬಡಾವಣೆಯೊಳಗಿನ ರಸ್ತೆಗಳು. ಮುಖ್ಯ ರಸ್ತೆಯ ಹರಿವು ಅವುಗಳಿಗೆ ಬಂದಾಗ, ಬದಿಯಲ್ಲಿ ನಿಲ್ಲಿಸಿದ ಒಂದೇ ಕಾರು ಸಾಲುಗಟ್ಟಲೆ ವಾಹನಗಳನ್ನು ತಡೆಹಿಡಿಯಬಲ್ಲದು. ಬದಲಿ ಮಾರ್ಗದಲ್ಲಿ ನಿಲುಗಡೆ ನಿಷೇಧಿಸುವುದು ಇದರಿಂದಾಗಿಯೇ. ಪರಿಷೆಗೆ ಹೋಗದವರೂ ಆ ದಿನಗಳಲ್ಲಿ ತಮ್ಮ ವಾಹನವನ್ನು ಮನೆಯ ಆವರಣದೊಳಗೆ ನಿಲ್ಲಿಸಿಕೊಂಡರೆ ಅದೇ ದೊಡ್ಡ ಸಹಕಾರ.

ಪರಿಷೆಗೆ ಹೊರಟವರಿಗೆ ಸಾರ್ವಜನಿಕ ಸಾರಿಗೆಯೇ ಸುಲಭ. 2017ರ ಜೂನ್‌ನಲ್ಲಿ ‘ನಮ್ಮ ಮೆಟ್ರೊ’ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಆರಂಭವಾದ ಬಳಿಕ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಗಾಂಧಿಬಜಾರಿನ ಕಡೆಯಿಂದ ನಡೆದೇ ಗುಡಿ ತಲುಪಬಹುದಾಗಿದೆ. ಬಿಎಂಟಿಸಿ ಬಸ್ಸುಗಳೂ ಈ ದಿನಗಳಲ್ಲಿ ಮಾರ್ಗ ಬದಲಿಸಬೇಕಾಗುವುದರಿಂದ, ನಿತ್ಯದ ತಂಗುದಾಣದಲ್ಲಿ ಬಸ್ ನಿಲ್ಲುವುದೇ ಇಲ್ಲವೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಹಿರಿಯರಿಗೂ ಶಾಲಾ ಮಕ್ಕಳಿಗೂ ಅತ್ಯಗತ್ಯ.

ಪ್ರಕಟಣೆಯಲ್ಲಿ ಏನಿರಬೇಕು?

ಓದುಗರಿಗೆ ನಿಜಕ್ಕೂ ಉಪಯೋಗವಾಗುವ ಸಂಚಾರ ಪ್ರಕಟಣೆಯಲ್ಲಿ ಐದು ಅಂಶಗಳು ಸ್ಪಷ್ಟವಾಗಿರಬೇಕು.

ಮೊದಲನೆಯದು ಅವಧಿ. ದಿನಾಂಕ ಮಾತ್ರವಲ್ಲ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದೂ ಇರಬೇಕು. ಅಂಗಡಿಗಳು ಸೋಮವಾರಕ್ಕೆ ಎರಡು ಮೂರು ದಿನ ಮುಂಚೆಯೇ ಏಳುವುದರಿಂದ ಪರಿಷೆಯ ಅಧಿಕೃತ ದಿನವೂ ದಟ್ಟಣೆ ಆರಂಭವಾಗುವ ದಿನವೂ ಒಂದೇ ಆಗಿರುವುದಿಲ್ಲ.

ಎರಡನೆಯದು ಸ್ಥಳ. ‘ಬಸವನಗುಡಿ ಸುತ್ತಮುತ್ತ’ ಎಂದರೆ ಸಾಲದು. ಯಾವ ವೃತ್ತದಿಂದ ಯಾವ ವೃತ್ತದವರೆಗೆ, ಯಾವ ದಿಕ್ಕಿನ ಸಂಚಾರಕ್ಕೆ ತಡೆ ಎಂಬುದನ್ನು ಹೇಳಬೇಕು.

ಮೂರನೆಯದು ಬದಲಿ ದಾರಿ. ಅದರ ಜೊತೆಗೆ ಭಾರಿ ವಾಹನಗಳಿಗೆ ಬೇರೆ ಮಾರ್ಗವಿದ್ದಲ್ಲಿ ಅದರ ವಿವರವೂ ಬೇಕು.

ನಾಲ್ಕನೆಯದು ವಿನಾಯಿತಿ. ಆಂಬುಲೆನ್ಸ್, ಅಗ್ನಿಶಾಮಕ ವಾಹನಗಳು ಯಾವ ಬದಿಯಿಂದ ಒಳಬರಬಹುದು, ನಿರ್ಬಂಧಿತ ರಸ್ತೆಯ ನಿವಾಸಿಗಳು ವಾಹನ ಹೊರತೆಗೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರಬೇಕು.

ಐದನೆಯದು ವಾಹನ ನಿಲುಗಡೆ. ಎಲ್ಲಿ ನಿಲ್ಲಿಸಬಾರದು ಎನ್ನುವಷ್ಟೇ ಸ್ಪಷ್ಟವಾಗಿ ಎಲ್ಲಿ ನಿಲ್ಲಿಸಬಹುದು ಎಂದೂ ತಿಳಿಸಬೇಕು.

ಇವುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ನಾಲ್ಕನೆಯದು. ಆದರೆ ಪ್ರಾಣದ ಪ್ರಶ್ನೆ ಇರುವುದೂ ಅದರಲ್ಲಿಯೇ. ಡಯಾಲಿಸಿಸ್‌ಗೆ ಹೋಗಬೇಕಾದ ರೋಗಿ, ದಿನ ತುಂಬಿದ ಗರ್ಭಿಣಿ, ಮಹಡಿಯ ಮನೆಯಲ್ಲಿ ಒಂಟಿಯಾಗಿರುವ ವೃದ್ಧರು ಇರುವ ಕುಟುಂಬಗಳು ಪರಿಷೆಗೆ ಮುನ್ನವೇ ಹೊರಹೋಗುವ ದಾರಿಯನ್ನು ಸಮೀಪದ ಸಂಚಾರ ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳಿತು. ತುರ್ತು ಸಂದರ್ಭದಲ್ಲಿ 112 ಅಥವಾ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡುವಾಗ, ಪರಿಷೆಯ ಕಾರಣ ಮುಖ್ಯ ರಸ್ತೆ ಮುಚ್ಚಿದೆ ಎಂಬುದನ್ನೂ ತೆರೆದಿರುವ ಅಡ್ಡರಸ್ತೆಯ ಹೆಸರನ್ನೂ ಹೇಳಿದರೆ ಅಮೂಲ್ಯ ನಿಮಿಷಗಳು ಉಳಿಯುತ್ತವೆ.

ಕೈಚೀಲ, ಕಸ ಮತ್ತು ಮರುದಿನದ ರಸ್ತೆ

ಪರಿಷೆಯ ಹೊರೆ ಜನ ಚದುರಿದ ಬಳಿಕವೂ ಉಳಿಯುತ್ತದೆ. ಕಡಲೆಕಾಯಿ ಸಿಪ್ಪೆ ಮಣ್ಣಿನಲ್ಲಿ ಕೊಳೆತು ಗೊಬ್ಬರವಾಗುವ ವಸ್ತು. ಅದರೊಂದಿಗೆ ಪ್ಲಾಸ್ಟಿಕ್ ಚೀಲ ಬೆರೆತಾಗ ಎರಡೂ ನಿರುಪಯುಕ್ತವಾಗಿ ಚರಂಡಿ ಸೇರುತ್ತವೆ. ರಾಜ್ಯದಲ್ಲಿ 2016ರಿಂದಲೂ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ದೇಶದಾದ್ಯಂತ ಹಲವು ಏಕಬಳಕೆ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಲಾಗಿದೆ. ಈಚಿನ ವರ್ಷಗಳ ಪರಿಷೆಗಳಲ್ಲಿ ಬಟ್ಟೆಯ ಚೀಲ ತರುವಂತೆ ಮಾಡಿದ ಮನವಿಗಳಿಗೆ ಇದೇ ಹಿನ್ನೆಲೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಕಸ, ಬೀದಿದೀಪ, ತಾತ್ಕಾಲಿಕ ಶೌಚಾಲಯಗಳ ಕುರಿತ ದೂರು ಯಾವ ಪಾಲಿಕೆಯ ಯಾವ ಕಚೇರಿಗೆ ಸಲ್ಲಬೇಕು ಎಂಬುದೂ ಇನ್ನು ಮುಂದೆ ಬಡಾವಣೆಯ ಸುದ್ದಿಯಲ್ಲಿ ಸೇರಬೇಕಾದ ವಿಷಯ.

ಪರಿಷೆಯನ್ನು ಬೇರೆಡೆಗೆ ಸಾಗಿಸಬೇಕೆಂಬ ವಾದಕ್ಕಿಂತ, ಅದಕ್ಕಾಗಿ ಬಿಟ್ಟುಕೊಟ್ಟ ರಸ್ತೆಯ ಲೆಕ್ಕವನ್ನು ಎಲ್ಲರಿಗೂ ಮುಂಚಿತವಾಗಿ ತಿಳಿಸಬೇಕೆಂಬ ವಾದ ಹೆಚ್ಚು ನ್ಯಾಯವಾದುದು. ಚಿಂತಾಮಣಿಯಿಂದ ಮೂಟೆ ಹೊತ್ತು ಬಂದ ವ್ಯಾಪಾರಿಗೆ ಅಂಗಡಿ ಹಾಕಲು ಜಾಗ ಎಲ್ಲಿ ಎಂಬುದು ಗೊತ್ತಿರಬೇಕು. ಹನುಮಂತನಗರದ ಮನೆಯಿಂದ ಆಸ್ಪತ್ರೆಗೆ ಹೊರಟವರಿಗೆ ದಾರಿ ಯಾವುದು ಎಂಬುದೂ ಗೊತ್ತಿರಬೇಕು. ಕಾಯ್ದೆ ಹೇಳುವ ಸ್ಥಳೀಯ ಪ್ರಚಾರದ ಅರ್ಥ ಇಷ್ಟೇ. ಮುಂದಿನ ಕಾರ್ತಿಕದಲ್ಲಿ ಪರಿಷೆಗೆ ಹೊರಡುವ ಮುನ್ನ ಪಂಚಾಂಗದ ಜೊತೆಗೆ ಸಂಚಾರ ಪ್ರಕಟಣೆಯನ್ನೂ ಒಮ್ಮೆ ನೋಡಿಕೊಂಡು, ಕೈಚೀಲ ಹಿಡಿದು ಹೊರಟರೆ ಬಡಾವಣೆಗೂ ಪರಿಷೆಗೂ ಕ್ಷೇಮ.