ಸೀಮೆಸುಣ್ಣದ ಗುಡ್ಡದ ಮೇಲೆ ಸೈಕಲ್ ದಾರಿ

ರಾಷ್ಟ್ರೀಯ ಉದ್ಯಾನ ಎಂದೊಡನೆ ವಯನಾಡು, ತಾಳವಾಡಿ ಕಡೆಯ ನಿಮಗೆ ಅರಣ್ಯ ಇಲಾಖೆಯ ಗೇಟು, ಆನೆ, ಚೆಕ್‌ಪೋಸ್ಟು ನೆನಪಾಗಬಹುದು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ 2010ರಲ್ಲಿ ಸ್ಥಾಪನೆಯಾದ ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನ ಹಾಗಲ್ಲ. ಸುಮಾರು 1,600 ಚದರ ಕಿಲೋಮೀಟರಿನ ಅದರೊಳಗೆ ಊರುಗಳಿವೆ, ಗೋಧಿಯ ಹೊಲಗಳಿವೆ, ಕುರಿಗಳು ಮೇಯುತ್ತವೆ. ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಜಮೀನು ಹೆಚ್ಚಾಗಿ ಖಾಸಗಿಯವರದು. ಆದರೂ ರಜೆ ಬಂತೆಂದರೆ ಜನ ಸೈಕಲ್ ಏರಿ ಆ ಹೊಲಗಳ ನಡುವೆಯೇ ಹಾದುಹೋಗುತ್ತಾರೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ!

ಮೊದಲು ಗುಡ್ಡದ ವಿಚಾರ. ‘ಡೌನ್’ ಎಂದರೆ ಇಲ್ಲಿ ಕೆಳಗೆ ಎಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ಗುಡ್ಡಕ್ಕಿದ್ದ ಹೆಸರು ಅದು. ಗುಡ್ಡದ ಒಡಲೆಲ್ಲ ಸೀಮೆಸುಣ್ಣದ ಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಕವಚ ಬಿದ್ದು ಬಿದ್ದು ಗಟ್ಟಿಯಾದದ್ದು. ಬಿದ್ದ ಮಳೆಯನ್ನು ಈ ಕಲ್ಲು ಒಳಗೆ ಹೀರಿಕೊಳ್ಳುತ್ತದೆ. ಹೀಗಾಗಿ ಗುಡ್ಡದ ನೆತ್ತಿಯಲ್ಲಿ ಹಳ್ಳಕೊಳ್ಳಗಳಿಲ್ಲ. ಒರತೆ ಏಳುವುದು ಬುಡದಲ್ಲಿ, ಊರುಗಳು ಸಾಲಾಗಿ ಕೂತಿರುವುದೂ ಅಲ್ಲಿಯೇ. ಸವಾರ ನೀರು ಕಟ್ಟಿಕೊಂಡು ಹೋಗಬೇಕು. ಮಳೆ ಬಿದ್ದ ಮೇಲಂತೂ ಆ ಬಿಳಿಯ ದಾರಿ ಸಾಬೂನಿನಂತೆ ಜಾರುತ್ತದೆ. ನಡುವೆ ಚೂಪಾದ ಚಕಮಕಿ ಕಲ್ಲು ಬೇರೆ. ಟೈರಿಗೆ ಅದೇ ಶತ್ರು.

ವಿಂಚೆಸ್ಟರ್ ಪಟ್ಟಣದಿಂದ ಕಡಲ ತೀರದ ಈಸ್ಟ್‌ಬೋರ್ನ್‌ವರೆಗೆ 160 ಕಿಲೋಮೀಟರಿನ ‘ಸೌತ್ ಡೌನ್ಸ್ ವೇ’ ಇದೆ. ಎರಡೂ ತುದಿಗೆ ರೈಲಿದೆ. ಗುಡ್ಡ ಎಲ್ಲಿಯೂ 300 ಮೀಟರ್ ಮುಟ್ಟದು. ಆದರೆ ಹತ್ತಿದ್ದನ್ನೆಲ್ಲ ಇಳಿದು ಮತ್ತೆ ಹತ್ತಬೇಕು, ಕಾಲು ಸೋಲುವುದು ಅದಕ್ಕೆ.

ಇನ್ನು ಹಕ್ಕಿನ ಮಾತು. ಆ ದೇಶದಲ್ಲಿ 1949ರ ಕಾಯಿದೆಯಂತೆ ಸ್ಥಳೀಯ ಕೌನ್ಸಿಲುಗಳು ಸಾರ್ವಜನಿಕ ದಾರಿಗಳನ್ನು ನಕ್ಷೆಗೆ ಏರಿಸಬೇಕಾಯಿತು. ನಕ್ಷೆಯಲ್ಲಿರುವ ದಾರಿಗೆ ಜಮೀನಿನ ಒಡೆಯ ತನ್ನಿಷ್ಟದಂತೆ ಬೇಲಿ ಹಾಕುವಂತಿಲ್ಲ. ಹಳದಿ ಬಾಣದ ಗುರುತಿದ್ದರೆ ಅದು ಕಾಲುದಾರಿ, ನಡೆಯುವವರಿಗೆ ಮಾತ್ರ. ನೀಲಿ ಬಾಣವಿದ್ದರೆ ಕುದುರೆ ದಾರಿ. ಬೆಟ್ಟದ ಸೈಕಲ್ ಇನ್ನೂ ಹುಟ್ಟಿರದ 1968ರಲ್ಲೇ ಕುದುರೆ ದಾರಿಯಲ್ಲಿ ಸೈಕಲ್ಲಿಗೂ ಕಾನೂನು ಅವಕಾಶ ಕೊಟ್ಟಿತು. ಆದರೆ ಕೊಟ್ಟದ್ದು ಎರಡು ಕಟ್ಟಿನೊಂದಿಗೆ: ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲ್ಲಿನವನು ದಾರಿ ಬಿಡಬೇಕು, ಸೈಕಲ್ಲಿಗಾಗಿ ದಾರಿಯನ್ನು ಸರಿಪಡಿಸಿಕೊಡುವ ಹೊಣೆ ಯಾರ ಮೇಲೂ ಇಲ್ಲ. ನನಗಂತೂ ಇದು ನ್ಯಾಯವೆನಿಸುತ್ತದೆ. ಬೇರೆಯವರ ಹೊಲದ ನಡುವೆ ಹೋಗುವವನು ಬೆಲ್ಲು ಬಾರಿಸಿ, ನಿಧಾನಿಸಿ, ಗೇಟನ್ನು ಇದ್ದ ಹಾಗೆಯೇ ಬಿಟ್ಟು ಹೋದರೆ ತಪ್ಪೇನು?

ಕೊನೆಗೆ ಆಲ್‌ಫ್ರಿಸ್ಟನ್ ಎಂಬ ಊರಿನಲ್ಲಿ ದಾರಿ ಕವಲೊಡೆಯುತ್ತದೆ. ನಡೆಯುವವರು ಸಮುದ್ರದ ಅಂಚಿನ ಬಿಳಿ ಪ್ರಪಾತಗಳಾದ ಸೆವೆನ್ ಸಿಸ್ಟರ್ಸ್ ಮೇಲೆ ಹಾದು, 162 ಮೀಟರ್ ಎತ್ತರದ ಬೀಚಿ ಹೆಡ್ ನೋಡಿಕೊಂಡು ಹೋಗುತ್ತಾರೆ. ಸೈಕಲ್ಲಿನವರದು ಒಳನಾಡಿನ ಗುಡ್ಡದ ದಾರಿ, ಜೆವಿಂಗ್ಟನ್ ಮೂಲಕ. ಆ ಬಿಳಿ ಬಂಡೆಗಳನ್ನು ನೋಡುವ ಆಸೆಯಿದ್ದರೆ ಸೈಕಲ್ಲಿಗೆ ಬೀಗ ಹಾಕಿ ನಡೆದೇ ಹೋಗಬೇಕು.