ಹಳದಿ ಹಕ್ಕಿಯ ನಾಲ್ಕು ವರ್ಷ

2020ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಒಂದು ಹಳದಿ ಹಕ್ಕಿ ಹಾರಿತು. ಹೆಸರು ‘ಕೂ’. ಟ್ವಿಟರ್‌ನ ನೀಲಿ ಹಕ್ಕಿಗೆ ಎದುರಾಳಿ. ಅದು ಮೊದಲು ಮಾತಾಡಿದ್ದು ಕನ್ನಡದಲ್ಲಿ. ಮಿಕ್ಕ ಭಾಷೆಗಳ ಸರದಿ ಆಮೇಲೆ. ಕನ್ನಡದಲ್ಲಿ ಶುರುವಾಗಿ ಹಿಂದಿಗೆ ಹೋದ ಆ್ಯಪ್‌ಗಳು ಎಷ್ಟಿವೆ ಹೇಳಿ?

ಟ್ಯಾಕ್ಸಿಫಾರ್‌ಶೂರ್ ಕಟ್ಟಿದ್ದ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕಾ ಜೊತೆ ಸೇರಿ ಇದನ್ನು ಶುರು ಮಾಡಿದ್ದರು. ಅದೃಷ್ಟವೂ ಕೈಹಿಡಿಯಿತು. 2021ರ ಫೆಬ್ರವರಿಯಲ್ಲಿ ರೈತ ಚಳವಳಿಯ ಖಾತೆಗಳ ವಿಚಾರಕ್ಕೆ ಕೇಂದ್ರ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ ಸಚಿವರು ‘ಕೂ’ ಕಡೆ ಮುಖ ಮಾಡಿದರು. ಅದೇ ವರ್ಷದ ಜೂನ್‌ನಲ್ಲಿ ಟ್ವಿಟರ್ ನಿಷೇಧಿಸಿದ ನೈಜೀರಿಯಾ ಸರ್ಕಾರವೂ ಇಲ್ಲಿ ಖಾತೆ ತೆರೆಯಿತು. 2022ರ ನವೆಂಬರ್‌ನಲ್ಲಿ ಬ್ರೆಜಿಲ್‌ನವರು ಮುಗಿಬಿದ್ದರು. ಅವರ ಪೋರ್ಚುಗೀಸ್‌ನಲ್ಲಿ ಈ ಹೆಸರು ಪೋಲಿ ಪದದಂತೆ ಕೇಳಿಸುತ್ತದೆ. ನಗುತ್ತಲೇ ಡೌನ್‌ಲೋಡ್ ಮಾಡಿಕೊಂಡರು.

2024ರ ಜುಲೈನಲ್ಲಿ ‘ಕೂ’ ಮುಚ್ಚಿತು.

ಬಂಡವಾಳ ಬತ್ತಿತು, ದೊಡ್ಡ ಕಂಪನಿಗಳೊಂದಿಗಿನ ಮಾತುಕತೆ ಮುರಿದುಬಿತ್ತು ಎಂಬುದು ನಿಜ. ಆದರೆ ಬಂದ ಜನ ಯಾಕೆ ನಿಲ್ಲಲಿಲ್ಲ? ಲೆಕ್ಕ ಹಾಕಿ ನೋಡಿ. ಹತ್ತು ಜನರಿರುವ ಕಡೆ ಇಬ್ಬಿಬ್ಬರ ನಡುವೆ ಹುಟ್ಟಬಹುದಾದ ನಂಟು 45. ನೂರು ಜನರಾದರೆ 4,950. ಜನ ಹತ್ತು ಪಟ್ಟಾದರೆ ನಂಟು ನೂರಕ್ಕೂ ಹೆಚ್ಚು ಪಟ್ಟು! ಹಳೇ ಸಂತೆ ಎಷ್ಟೇ ಕೊಳಕಾಗಿದ್ದರೂ ಪರಿಚಯದವರೆಲ್ಲ ಸಿಗುವುದು ಅಲ್ಲೇ. ಪಕ್ಕದ ಬಯಲಲ್ಲಿ ನೆರಳು, ನೀರು ಇಟ್ಟು ಹೊಸ ಸಂತೆ ಕಟ್ಟಿದರೆ ಒಂದು ವಾರ ನೋಡಿಕೊಂಡು ಬರುತ್ತಾರೆ, ಅಷ್ಟೆ. ‘ಕೂ’ಗೆ ಬಂದ ನಾಯಕರೂ ಟ್ವಿಟರ್ ಖಾತೆ ಬಿಟ್ಟು ಬಂದವರಲ್ಲ.

2021ರ ಜನವರಿಯಲ್ಲಿ ವಾಟ್ಸ್‌ಆ್ಯಪ್ ತನ್ನ ಖಾಸಗಿತನದ ನಿಯಮ ಬದಲಿಸಲು ಹೊರಟಾಗಲೂ ಹೀಗೇ ಆಯಿತು. ಸಿಟ್ಟಾದವರು ಗುಂಪುಗುಂಪಾಗಿ ಸಿಗ್ನಲ್ ಹಾಕಿಕೊಂಡರು. ಮನೆಮಂದಿಯ ಗ್ರೂಪ್ ಮಾತ್ರ ಇದ್ದಲ್ಲೇ ಇತ್ತು. ಅತ್ತೆಯ ಶುಭೋದಯ, ಭಾವನ ಮಗಳ ಆರತಿ ಫೋಟೊ ಬರುತ್ತಿದ್ದುದು ಅಲ್ಲಿಗೇ.

ಹಾಗೆಂದು ಈ ಹಿಡಿತ ಶಾಶ್ವತವೂ ಅಲ್ಲ. 2004ರಲ್ಲಿ ಗೂಗಲ್ ತೆರೆದ ಆರ್ಕುಟ್ ನೆನಪಿದೆಯೇ? ಸ್ಕ್ರ್ಯಾಪ್ ಗೀಚಿ, ಟೆಸ್ಟಿಮೋನಿಯಲ್ ಬರೆದುಕೊಡು ಎಂದು ಗೆಳೆಯರನ್ನು ಪೀಡಿಸಿದವರಿಗೆ ಈಗ ನಲವತ್ತರ ಆಸುಪಾಸು. ಯಾರ ಸುದ್ದಿ ಬೇಕೋ ಅವರ ಪುಟಕ್ಕೇ ಹೋಗಿ ನೋಡಬೇಕಿದ್ದ ಕಾಲ ಅದು. 2006ರಲ್ಲಿ ಫೇಸ್‌ಬುಕ್ ತಂದ ನ್ಯೂಸ್ ಫೀಡ್ ಎಲ್ಲರ ಸುದ್ದಿಯನ್ನೂ ಕಣ್ಣೆದುರಿಗೇ ತಂದು ಸುರಿಯಿತು. ಮೇಲೆ ಹೇಳಿದ ಲೆಕ್ಕ ಇಳಿಯುವಾಗಲೂ ಅಷ್ಟೇ ವೇಗ: ಹತ್ತು ಗೆಳೆಯರು ಹೋದರೆ ಹನ್ನೊಂದನೆಯವನಿಗೆ ಅಲ್ಲೇನು ಕೆಲಸ? 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಬಾಗಿಲು ಹಾಕಿತು.

ಫೋಟೊಗಳನ್ನು ಇಳಿಸಿಕೊಳ್ಳಲು ಗೂಗಲ್ ಆಗ ಗಡುವು ಕೊಟ್ಟಿತ್ತು, ತಿಳಿಯದವರು ಕಳೆದುಕೊಂಡರು. ಇಂಥದೇ ಸೌಲಭ್ಯ ಫೇಸ್‌ಬುಕ್‌ನ ಸೆಟ್ಟಿಂಗ್ಸ್‌ನಲ್ಲೂ ಇದೆ. ಮದುವೆ, ನಾಮಕರಣದ ಚಿತ್ರಗಳನ್ನೆಲ್ಲ ಅದರಲ್ಲೇ ಇಟ್ಟಿರುವವರು ಈ ಭಾನುವಾರ ಒಮ್ಮೆ ಇಳಿಸಿಟ್ಟುಕೊಳ್ಳಿ.