ಪುಣೆಯ ಮತದಾರರೂ ನಮ್ಮ ಒಂದು ಮತವೂ

ಪುಣೆಯು ಯಾವ ಪಕ್ಷದ ಊರು? ಹೊಟೇಲಿನ ಗಲ್ಲದ ಬಳಿ ಈ ಪ್ರಶ್ನೆಯನ್ನೆತ್ತಿದರೆ ಸದಾಶಿವ ಪೇಠೆಯ ಗಿರಾಕಿಯೊಬ್ಬರು ಒಂದು ಹೆಸರನ್ನು ಹೇಳುವರು, ಕ್ಯಾಂಪಿನವರು ಇನ್ನೊಂದನ್ನು ಹೇಳುವರು. ಆದರೆ ಎಪ್ಪತ್ತು ವರ್ಷಗಳ ಲೋಕಸಭಾ ಚುನಾವಣೆಗಳ ಲೆಕ್ಕವನ್ನು ಬಿಡಿಸಿ ನೋಡಿದವರಿಗೆ, ಈ ನಗರವು ಯಾವ ಪಕ್ಷಕ್ಕೂ ತನ್ನನ್ನು ಬರೆದುಕೊಟ್ಟಿಲ್ಲವೆಂಬುದು ಮನವರಿಕೆಯಾಗದೆ ಇರದು.

ಪ್ರಥಮ ಮಹಾಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕಾಕಾಸಾಹೇಬ ಗಾಡಗೀಳರನ್ನು ಆರಿಸಿದ ಪುಣೆಯು, 1957ರಲ್ಲಿ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾವಿನಲ್ಲಿ ಅದೇ ಗಾಡಗೀಳರನ್ನು ಸೋಲಿಸಿ, ಪ್ರಜಾ ಸಮಾಜವಾದಿ ಪಕ್ಷದ ನಾ. ಗ. ಗೋರೆಯವರನ್ನು ದಿಲ್ಲಿಗೆ ಕಳುಹಿಸಿತು. 1962ರಲ್ಲಿ ಕಾಂಗ್ರೆಸ್ಸಿನ ಶಂಕರರಾವ್ ಮೋರೆಯವರು ಗೆದ್ದರೆ, 1967ರಲ್ಲಿ ಸಮಾಜವಾದಿ ಎಸ್. ಎಂ. ಜೋಶಿಯವರು ಗೆದ್ದರು. ಮೋಹನ ಧಾರಿಯಾ ಅವರನ್ನಂತೂ 1971ರಲ್ಲಿ ಕಾಂಗ್ರೆಸ್ಸಿನಿಂದಲೂ, ತುರ್ತುಪರಿಸ್ಥಿತಿಯ ತರುವಾಯ 1977ರಲ್ಲಿ ಜನತಾ ಪಕ್ಷದಿಂದಲೂ ಇದೇ ಊರು ಆರಿಸಿತು. ಕಾಕಾಸಾಹೇಬರ ಮಗ ವಿಠ್ಠಲರಾವ್ ಗಾಡಗೀಳರು 1980, 1984, 1989ರಲ್ಲಿ ಸಾಲಾಗಿ ಮೂರು ಸಲ ಗೆದ್ದರು. 1991ರಲ್ಲಿ ಭಾರತೀಯ ಜನತಾ ಪಕ್ಷದ ಅಣ್ಣಾ ಜೋಶಿಯವರು ಅವರನ್ನು ಸೋಲಿಸಿದರು. 2014, 2019, 2024 ಈ ಮೂರು ಸಲವೂ ಅದೇ ಪಕ್ಷಕ್ಕೆ ಜಯ ದೊರೆತಿದೆ.

ಭಾಷೆಯನ್ನು ನೋಡಿ ಮತ ಬೀಳುವುದೆಂಬ ಮಾತಿಗೂ ಇಲ್ಲಿ ಆಧಾರ ಸಾಲದು. ಉಡುಪಿಯ ಕಡೆಯ ಮೂಲದ ಮನೆತನದ ಸುರೇಶ ಕಲ್ಮಾಡಿಯವರನ್ನು 1996, 2004, 2009ರಲ್ಲಿ ಪುಣೆಯು ಕಾಂಗ್ರೆಸ್ಸಿನ ಸದಸ್ಯರನ್ನಾಗಿ ಆರಿಸಿತು. ಅವರು ಆ ಪಕ್ಷವನ್ನು ಬಿಟ್ಟು ನಿಂತ 1998ರಲ್ಲಿ, ಕಾಂಗ್ರೆಸ್ಸಿನ ವಿಠ್ಠಲ ತುಪೆಯವರನ್ನು ಗೆಲ್ಲಿಸಿತು. ಆಯಾ ಹೊತ್ತಿನ ಸಂಗತಿಯನ್ನು ತೂಗಿ ನೋಡಿ ಮತ ಹಾಕುವುದು ಈ ಊರಿನ ರೂಢಿ.

ಇದಕ್ಕೆ ಹತ್ತಿರದ ನಿದರ್ಶನವೆಂದರೆ ಕಸಬಾ ಪೇಠೆಯ ವಿಧಾನಸಭಾ ಕ್ಷೇತ್ರ. 1995ರಿಂದ ಐದು ಸಲ ಗಿರೀಶ ಬಾಪಟರೂ, 2019ರಲ್ಲಿ ಮುಕ್ತಾ ಟಿಳಕರೂ ಗೆದ್ದಿದ್ದ ಆ ಕ್ಷೇತ್ರವನ್ನು ಭಾರತೀಯ ಜನತಾ ಪಕ್ಷದ ಕೋಟೆಯೆಂದೇ ಎಲ್ಲರೂ ತಿಳಿದಿದ್ದರು. 2023ರ ಫೆಬ್ರವರಿ 26ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ರವೀಂದ್ರ ಧಂಗೇಕರರು ಹತ್ತು ಸಾವಿರಕ್ಕೂ ಮಿಕ್ಕಿದ ಮತಗಳ ಅಂತರದಿಂದ ಆ ಕೋಟೆಯನ್ನು ಗೆದ್ದುಕೊಂಡರು. ಅವರಿಗೆ ಸೋತಿದ್ದ ಹೇಮಂತ ರಾಸನೆಯವರೇ 2024ರಲ್ಲಿ ಅದನ್ನು ಮರಳಿ ಪಡೆದರು. ಕೋಟೆಯೆಂಬುದು ಪತ್ರಿಕೆಯವರ ಮಾತು. ಅದರ ಬೀಗದ ಕೈ ಮತದಾರನಲ್ಲಿದೆ.

ಆದರೆ ಆ ಬೀಗದ ಕೈಯನ್ನು ಎಷ್ಟು ಜನ ಬಳಸುತ್ತಾರೆ? 2019ರಲ್ಲಿ ದೇಶದಲ್ಲಿ ನೂರಕ್ಕೆ 67 ಮಂದಿ ಮತ ಹಾಕಿದರೆ, ಇಪ್ಪತ್ತು ಲಕ್ಷಕ್ಕೂ ಮಿಕ್ಕ ಮತದಾರರುಳ್ಳ ಪುಣೆಯಲ್ಲಿ ಮತಗಟ್ಟೆಗೆ ಬಂದವರು ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಗೆದ್ದವರನ್ನೂ ಸೋತವರನ್ನೂ ಮೀರಿಸಿದ ದೊಡ್ಡ ಪಕ್ಷವೆಂದರೆ ಮನೆಯಲ್ಲೇ ಉಳಿದವರ ಪಕ್ಷ.

ನಮ್ಮವರಲ್ಲಿ ಅನೇಕರು ಅರಿಯದೆಯೇ ಈ ಪಕ್ಷವನ್ನು ಸೇರಿದ್ದಾರೆ. ಹೆಸರು ಊರಿನ ಪಟ್ಟಿಯಲ್ಲಿ, ದುಡಿಮೆ ಪುಣೆಯಲ್ಲಿ. 2024ರಲ್ಲಿ ಉಡುಪಿ–ಚಿಕ್ಕಮಗಳೂರು, ದಕ್ಷಿಣ ಕನ್ನಡ ಕ್ಷೇತ್ರಗಳ ಮತದಾನ ನಡೆದುದು ಏಪ್ರಿಲ್ 26ರಂದು. ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳದು ಮೇ 7ರಂದು. ಮದುವೆಯ ಹಂಗಾಮಿನಲ್ಲಿ ರಜೆ ದೊರೆಯದೆ, ರೈಲಿನಲ್ಲಿ ಜಾಗ ಸಿಗದೆ, ಹೋಗಲಾರದೆ ಉಳಿದ ಮಾಣಿಯೂ ಅಡುಗೆಯವನೂ ಮೇ 13ರಂದು ಪುಣೆಯವರು ಮತ ಹಾಕಿದಾಗ ಅವರಿಗೆ ಚಹಾ ಒದಗಿಸಿದ್ದಷ್ಟೇ ಬಂತು. ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ!

ದೂರದ ಊರಿನಿಂದಲೇ ಸ್ವಂತ ಕ್ಷೇತ್ರಕ್ಕೆ ಮತ ಹಾಕಬಹುದಾದ, 72 ಕ್ಷೇತ್ರಗಳಿಗೆ ಒದಗುವ ಯಂತ್ರವೊಂದನ್ನು ಚುನಾವಣಾ ಆಯೋಗವು 2022ರ ಕೊನೆಯಲ್ಲಿ ಸೂಚಿಸಿದ್ದುಂಟು. ಅನೇಕ ಪಕ್ಷಗಳು ಒಪ್ಪದುದರಿಂದ 2024ರ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ. ಅಂಥದೊಂದು ಬರುವುದೆಂದು ಕಾಯುತ್ತ ಕುಳಿತಿರುವುದು ಜಾಣತನವಲ್ಲ.

ಕಾಯಿದೆಯು ನಮಗೆ ದಾರಿ ತೋರಿಸಿದೆ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಮತದಾರನ ಹೆಸರು ಅವನು ಸಾಮಾನ್ಯವಾಗಿ ವಾಸವಾಗಿರುವ ಕ್ಷೇತ್ರದಲ್ಲಿರಬೇಕು. ಊರಲ್ಲಿ ಮನೆಯಿದೆಯೆಂಬ ಮಾತ್ರಕ್ಕೆ ಅಲ್ಲಿಯ ವಾಸಿಯೆನಿಸುವುದಿಲ್ಲ. ಎರಡು ಕಡೆ ಹೆಸರಿರುವುದಕ್ಕೆ ಅವಕಾಶವಿಲ್ಲ. ಹೊಸಬರು 6ನೆಯ ನಮೂನೆಯನ್ನೂ, ಊರಿನಿಂದ ಹೆಸರನ್ನು ಬದಲಾಯಿಸಿಕೊಳ್ಳುವವರು 8ನೆಯ ನಮೂನೆಯನ್ನೂ ತುಂಬಿಕೊಡಬೇಕು. ಹೊಟೇಲಿನ ಕೋಣೆಯಲ್ಲೇ ಮಲಗುವ ಹೊಸ ಹುಡುಗನಲ್ಲಿ ವಾಸದ ಕಾಗದಪತ್ರವಿಲ್ಲದಿದ್ದರೆ, ಅಧಿಕಾರಿಯು ಸ್ಥಳಕ್ಕೆ ಬಂದು ವಿಚಾರಿಸಿ ಹೆಸರು ಸೇರಿಸುವ ಕ್ರಮವೂ ಇದೆ. ಕಚೇರಿಯ ಗುಮಾಸ್ತರಿಗೆ ಇವೆಲ್ಲ ಸುಲಭ. ಬರೆಯಲು ತೊಡಕುಪಡುವ ಹೊಟೇಲು ಕೆಲಸಗಾರನಿಗೆ ಭಾನುವಾರದ ಒಂದು ಗಂಟೆಯನ್ನು ಅವರು ಕೊಟ್ಟರೆ ಅದು ದೊಡ್ಡ ಉಪಕಾರ.

ಹೊಟೇಲಿನ ಯಜಮಾನರಿಗೂ ನಮ್ಮದೊಂದು ಬಿನ್ನಹ. ಲೋಕಸಭೆ, ವಿಧಾನಸಭೆಗಳ ಮತದಾನದ ದಿನ ಮತದಾರನಾದ ಕೆಲಸಗಾರನಿಗೆ ಪಗಾರ ಕಡಿಯದೆ ರಜೆ ಕೊಡಬೇಕೆಂದು ಕಾಯಿದೆಯೇ ವಿಧಿಸಿದೆ; ದಿನಗೂಲಿಯವನೂ ಇದಕ್ಕೆ ಹೊರತಲ್ಲ. ತಪ್ಪಿದರೆ 500 ರೂಪಾಯಿಯವರೆಗೆ ದಂಡ. ದಂಡದ ಅಂಜಿಕೆಗಿಂತ, ನಮ್ಮ ಹುಡುಗರು ಈ ಊರಿನ ನಾಗರಿಕರೆನಿಸಿಕೊಳ್ಳಲೆಂಬ ಅಭಿಮಾನದಿಂದ ರಜೆ ಕೊಟ್ಟರೆ ಶೋಭೆ.

ಯಾರಿಗೆ ಮತ ಹಾಕಬೇಕೆಂದು ನಾವು ಹೇಳಲಾರೆವು. ಅದು ಅವರವರ ಮನಸ್ಸಿಗೆ ಬಿಟ್ಟದ್ದು. ನಲ್ಲಿಯ ನೀರು, ಕೋಣೆಯ ಬಾಡಿಗೆ, ಮಕ್ಕಳ ಶಾಲೆ, ಸರಕಾರಿ ಆಸ್ಪತ್ರೆ ಇವೆಲ್ಲ ನಮಗೆ ಪುಣೆಯಲ್ಲೇ ಬೇಕಾದವು. ಇವುಗಳ ಸಲುವಾಗಿ ಮತ ಕೇಳಲು ಬರುವವರು ಪಟ್ಟಿಯನ್ನು ನೋಡಿಕೊಂಡೇ ಬಾಗಿಲು ತಟ್ಟುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲದವನ ಬಾಗಿಲಿಗೆ ಯಾರೂ ಬಾರರು.